ಇಕ್ಕಟ್ಟಿನ ಅಕ್ಷರಗಳು

ಬ್ಯಾಂಕಿನ ಗುಮಾಸ್ತನಿಗೆ ಅಂಕಿಗಳ ಮೇಲೆ ಪ್ರೀತಿ ಇರುತ್ತದೆಂದು ಜನ ತಿಳಿದಿದ್ದಾರೆ. ಇಪ್ಪತ್ತು ವರ್ಷ ಅಂಕಿಗಳ ಜೊತೆ ಸಂಸಾರ ಮಾಡಿದ ಮೇಲೂ ನನಗೆ ಅಂಥ ಪ್ರೀತಿಯೇನೂ ಹುಟ್ಟಲಿಲ್ಲ. ನನ್ನ ಮನಸ್ಸು ಹೋಗುವುದು ಅಕ್ಷರಗಳ ಕಡೆಗೆ. ಅಕ್ಷರವೆಂದರೆ ಸಾಹಿತ್ಯವಲ್ಲ, ಅದರ ವಿಚಾರ ಹೇಳಬಲ್ಲವರು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಇದ್ದಾರೆ. ನಾನು ಹೇಳುವುದು ಅಕ್ಷರದ ಮೈಕಟ್ಟಿನ ಮಾತು. ಅಂಗಡಿಯ ಬೋರ್ಡಿನಲ್ಲಿ, ಬಸ್ಸಿನ ಹಣೆಯಲ್ಲಿ, ಮದುವೆಯ ಕಾಗದದಲ್ಲಿ, ಬೀಡಿ ಕಟ್ಟಿನ ಲೇಬಲಿನಲ್ಲಿ ಅಕ್ಷರ ಹೇಗೆ ನಿಂತಿದೆ, ಹೇಗೆ ಕೂತಿದೆ, ಎಲ್ಲಿ ಬಾಗಿದೆ ಎಂದು ನೋಡುವುದು ನನಗೊಂದು ಚಟ. ಮನೆಯವಳು ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದಾಳೆ.

ಈ ಚಟದಿಂದಾಗಿ ಪರಿಚಯವಾದವರಲ್ಲಿ ಒಬ್ಬ ‘ಪ್ಲೇಬಿಲ್’. ಮೈಕ್ರೋಸಾಫ್ಟ್ ಆಫೀಸಿನ ಜೊತೆಗೆ ಬಂದ ಇಂಗ್ಲಿಷ್ ಫಾಂಟುಗಳ ಪಟ್ಟಿಯಲ್ಲಿ ಕೆಳಗೆ ಹೋಗುತ್ತಾ ಇದ್ದರೆ ‘ಪಿ’ ಅಕ್ಷರದ ಹತ್ತಿರ ಇವನು ಸಿಕ್ಕುತ್ತಾನೆ. ಒಮ್ಮೆ ನೋಡಿದವರು ಮರೆಯಲಾರರು. ಎತ್ತರ ತುಂಬ, ಅಗಲ ತೀರಾ ಕಡಿಮೆ. ನೆಟ್ಟಗಿನ ಗೆರೆಗಳು ಸಪೂರ. ತಲೆಯ ಮೇಲೆ ಒಂದು ದಪ್ಪ ಪಟ್ಟಿ, ಕಾಲಿನ ಕೆಳಗೆ ಇನ್ನೊಂದು. ಸಾಧಾರಣವಾಗಿ ಇಂಗ್ಲಿಷ್ ಅಕ್ಷರದಲ್ಲಿ ನೆಟ್ಟಗಿನ ಗೆರೆ ದಪ್ಪ, ಅಡ್ಡಗೆರೆ ತೆಳು. ಇಲ್ಲಿ ಎಲ್ಲ ತಿರುಗಾಮುರುಗಾ. ಒತ್ತಾಗಿ ನೆಟ್ಟ ಅಡಿಕೆ ಸಸಿಗಳು ಬಿಸಿಲಿಗಾಗಿ ಮೇಲೆ ಮೇಲೆ ಹೋಗುವಂತೆ ಈ ಅಕ್ಷರಗಳು ಒಂದಕ್ಕೊಂದು ತಾಗಿಕೊಂಡೇ ಬೆಳೆದಿವೆ. ಅಮೆರಿಕದ ಕುದುರೆ ಸವಾರರ ಸಿನಿಮಾಗಳಲ್ಲಿ ಕಳ್ಳನ ಮುಖದ ಮೇಲೆ ‘ಬೇಕಾಗಿದ್ದಾನೆ’ ಎಂದು ಬರೆದಿರುತ್ತದಲ್ಲ, ಆ ಜಾತಿಯ ಅಕ್ಷರ.

ಒಮ್ಮೆ ನಮ್ಮ ಸಹೋದ್ಯೋಗಿಯೊಬ್ಬರು ಮ್ಯಾನೇಜರರ ಬೀಳ್ಕೊಡುಗೆಯ ಆಮಂತ್ರಣವನ್ನು ಇದೇ ಅಕ್ಷರದಲ್ಲಿ ಹೊಡೆದು ತಂದರು. ಮಧ್ಯದಲ್ಲಿ ಮ್ಯಾನೇಜರರ ಪಾಸ್‌ಪೋರ್ಟ್ ಅಳತೆಯ ಫೋಟೋ. ಹಿಡಿದುಕೊಟ್ಟವರಿಗೆ ಎಷ್ಟು ಬಹುಮಾನ ಎಂದು ಕ್ಯಾಷಿಯರ್ ಕೇಳಿದ ಮೇಲೆ ಆ ಕಟ್ಟು ಕಪಾಟಿನ ಒಳಗೆ ಹೋಯಿತು.

ಇದನ್ನು ರೂಪಿಸಿದವರು ರಾಬರ್ಟ್ ಹಾರ್ಲಿಂಗ್ ಎಂಬ ಇಂಗ್ಲಿಷರು. 1938ರಲ್ಲಿ ಶೆಫೀಲ್ಡಿನ ಸ್ಟೀಫನ್‌ಸನ್ ಬ್ಲೇಕ್ ಎಂಬ ಮೊಳೆ ಎರಕದ ಕಂಪೆನಿ ಇದನ್ನು ಮಾರುಕಟ್ಟೆಗೆ ತಂದಿತು. ಆದರೆ 1938ರಲ್ಲೇ ಇದು ಹಳತರ ನೆನಪು. ಹೆಸರೇ ಹೇಳುತ್ತದೆ: ‘ಪ್ಲೇಬಿಲ್’ ಎಂದರೆ ನಾಟಕದ ಕರಪತ್ರ, ನಮ್ಮ ಕಡೆಯ ಮಾತಿನಲ್ಲಿ ಆಟದ ನೋಟೀಸು. ಅದರ ಹಿಂದಿನ ಶತಮಾನದ ನೋಟೀಸುಗಳ ಮೈಕಟ್ಟನ್ನು ಹಾರ್ಲಿಂಗ್ ಹೊಸದಾಗಿ ಬರೆದುಕೊಟ್ಟರು, ಅಷ್ಟೆ.

ಆ ಶತಮಾನದ ಮೊದಲಿಗೆ ಇಂಗ್ಲೆಂಡಿನಲ್ಲಿ ಕಾರ್ಖಾನೆ ಹೆಚ್ಚಿತು, ಊರು ಬೆಳೆಯಿತು, ಮಾರುವ ಸರಕು ಹೆಚ್ಚಿತು, ಗೋಡೆಗಳ ಮೇಲೆ ಕಾಗದ ಅಂಟಿಸುವುದು ಹೆಚ್ಚಿತು. ಅಲ್ಲಿಯ ತನಕ ಮೊಳೆಗಳನ್ನು ಮಾಡುತ್ತಿದ್ದದ್ದು ಪುಸ್ತಕಕ್ಕೆ. ಮಡಿಲಲ್ಲಿಟ್ಟು ಓದುವ ಅಕ್ಷರಕ್ಕೆ. ಈಗ ದಾರಿಯಲ್ಲಿ ಹೋಗುವವನನ್ನು ತಡೆದು ನಿಲ್ಲಿಸುವ ಅಕ್ಷರ ಬೇಕಾಯಿತು. ಎರಕದವರು ಪೈಪೋಟಿಯಿಂದ ಒಬ್ಬರಿಗಿಂತ ಒಬ್ಬರು ದಪ್ಪ, ಒಬ್ಬರಿಗಿಂತ ಒಬ್ಬರು ವಿಚಿತ್ರ ಅಕ್ಷರ ತಂದರು. 1821ರಲ್ಲಿ ಲಂಡನ್ನಿನ ಕ್ಯಾಸ್ಲನ್ ಮತ್ತು ಕ್ಯಾಥರ್‌ವುಡ್ ಕಂಪೆನಿ ‘ಇಟಾಲಿಯನ್’ ಎಂಬ ಹೆಸರಿನಲ್ಲಿ ಅಡ್ಡಗೆರೆ ದಪ್ಪ, ಕಂಬ ತೆಳು ಮಾಡಿದ ಅಕ್ಷರವನ್ನು ತೋರಿಸಿತು. ಪ್ಲೇಬಿಲ್ಲಿನ ಮುತ್ತಜ್ಜ ಅದು. 1845ರಲ್ಲಿ ರಾಬರ್ಟ್ ಬೆಸ್ಲಿಯವರ ಕಂಪೆನಿ ‘ಕ್ಲಾರೆಂಡನ್’ ಎಂಬುದನ್ನು ತಂದು ಕಾನೂನಿನ ಪ್ರಕಾರ ನೋಂದಣಿ ಮಾಡಿಸಿತು. ರಕ್ಷಣೆ ಸಿಕ್ಕಿದ್ದು ಮೂರೇ ವರ್ಷ, ಅದು ಮುಗಿದದ್ದೇ ಎಲ್ಲರೂ ನಕಲು ಹೊಡೆದರು. ಅದರ ಕಾಲು ತಲೆಗಳನ್ನು ಇನ್ನಷ್ಟು ದಪ್ಪ ಮಾಡಿ, ಹೊಟ್ಟೆಯನ್ನು ಇನ್ನಷ್ಟು ಒಳಗೆ ಎಳೆದು ಅಮೆರಿಕದವರು ಮಾಡಿಕೊಂಡ ರೂಪಕ್ಕೆ ‘ಫ್ರೆಂಚ್ ಕ್ಲಾರೆಂಡನ್’ ಎಂದು ಹೆಸರು. ಇಟಾಲಿಯನ್ನಿಗೂ ಇಟಲಿಗೂ, ಫ್ರೆಂಚಿಗೂ ಫ್ರಾನ್ಸಿಗೂ ಇದ್ದ ಸಂಬಂಧ ಮಂಗಳೂರು ಹಂಚಿಗೂ ಮಂಗಳೂರಿಗೂ ಇರುವ ಸಂಬಂಧದಷ್ಟು ಗಟ್ಟಿಯದ್ದಲ್ಲ.

ಸೀಸದಲ್ಲಿ ದೊಡ್ಡ ಅಕ್ಷರ ಎರಕ ಹೊಯ್ಯುವುದು ಕಷ್ಟ. ಭಾರ ಹೆಚ್ಚು, ಬೆಲೆ ಹೆಚ್ಚು, ತಣಿಯುವಾಗ ಮೈ ಸಮನಾಗುವುದಿಲ್ಲ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಯಂತ್ರದಿಂದ ಮರದಲ್ಲಿ ಅಕ್ಷರ ಕೊರೆಯುವ ದಾರಿ ಕಂಡುಕೊಂಡರು. 1834ರಲ್ಲಿ ವಿಲಿಯಂ ಲೆವೆನ್‌ವರ್ತ್ ಆ ಯಂತ್ರಕ್ಕೆ ಪ್ಯಾಂಟೋಗ್ರಾಫ್ ಜೋಡಿಸಿದರು. ಒಂದು ಮಾದರಿಯ ಮೇಲೆ ಕಡ್ಡಿ ಆಡಿಸಿದರೆ ಆಚೆ ಕಡೆಯಲ್ಲಿ ಬೇಕಾದ ಅಳತೆಗೆ ಅದೇ ಅಕ್ಷರ ಮೂಡಿ ಬರುವ ವ್ಯವಸ್ಥೆ. ಮರವೆಂದರೆ ಮೇಪಲ್, ಉದ್ದ ನಾರಿನ ಬದಿಯಲ್ಲ, ಅಡ್ಡ ಕೊಯ್ದ ತುದಿಯ ಮೈ. ಅದು ಗಟ್ಟಿ. ಮರದ ಅಕ್ಷರದ ಎತ್ತರವನ್ನು ‘ಲೈನ್’ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಲೈನ್ ಎಂದರೆ ಇಂಚಿನ ಆರನೆಯ ಒಂದು ಭಾಗ. ಇಪ್ಪತ್ತು ಲೈನಿನ ಅಕ್ಷರ ಮೂರು ಇಂಚಿಗಿಂತ ಸ್ವಲ್ಪ ಹೆಚ್ಚು. ಕೆಲವು ಅಕ್ಷರಗಳ ಕಾಲು ಮೀನಿನ ಬಾಲದಂತೆ ಸೀಳಿರುತ್ತಿತ್ತು, ಕೆಲವಕ್ಕೆ ನೆರಳು, ಕೆಲವಕ್ಕೆ ಸೊಂಟದಲ್ಲಿ ಮುಳ್ಳು. ಕನೆಕ್ಟಿಕಟ್‌ನ ವಿಲಿಯಂ ಪೇಜ್ 1874ರಲ್ಲಿ ತಂದ ಮಾದರಿ ಪುಸ್ತಕದಲ್ಲಿ ಒಂದೇ ಅಕ್ಷರವನ್ನು ಎರಡು ಮೂರು ಬಣ್ಣಗಳಲ್ಲಿ ಒಂದರ ಮೇಲೊಂದು ಅಚ್ಚು ಹಾಕಿದ ಸೊಗಸು ಇದೆ. ಚಿತ್ರದಲ್ಲಿ ನೋಡಿದರೂ ಕಣ್ಣು ತುಂಬುತ್ತದೆ.

ಆದರೆ ಅಲಂಕಾರಕ್ಕಿಂತ ನನಗೆ ಹಿಡಿಸಿದ್ದು ಅಗಲದ ಲೆಕ್ಕ. ಕಾಗದದ ಅಗಲ ಮೊದಲೇ ನಿಗದಿಯಾದದ್ದು, ಮುದ್ರಕ ಅದನ್ನು ಹೆಚ್ಚಿಸಲಾರ. ಹೇಳಬೇಕಾದ ಮಾತು ಮಾತ್ರ ಒಂದೊಂದು ಸಾಲಿಗೆ ಒಂದೊಂದು ಉದ್ದ. ಪ್ರತಿ ಸಾಲೂ ಈ ಅಂಚಿನಿಂದ ಆ ಅಂಚಿಗೆ ತುಂಬಬೇಕು, ಅಕ್ಷರವೂ ದೊಡ್ಡದಿರಬೇಕು. ಹಾಗಾಗಿ ಗಿಡ್ಡ ಮಾತಿಗೆ ಅಗಲದ ಅಕ್ಷರ, ಉದ್ದ ಮಾತಿಗೆ ಇಕ್ಕಟ್ಟಿನ ಅಕ್ಷರ. ಹಳೆಯ ನೋಟೀಸುಗಳಲ್ಲಿ ಒಂದೇ ಹಾಳೆಯಲ್ಲಿ ಏಳೆಂಟು ತರದ ಅಕ್ಷರ ಕಾಣುವುದು ಮುದ್ರಕನ ಹುಚ್ಚಿನಿಂದಲ್ಲ, ಈ ಲೆಕ್ಕದಿಂದ. 1843ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ನಡೆದ ಪ್ಯಾಬ್ಲೋ ಫ್ಯಾಂಕ್ ಅವರ ಸರ್ಕಸ್ಸಿನ ಅಂಥದ್ದೊಂದು ಭಿತ್ತಿಪತ್ರವನ್ನು 1967ರಲ್ಲಿ ಹಾಡುಗಾರ ಜಾನ್ ಲೆನನ್ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡು, ಅದರಲ್ಲಿದ್ದ ಮಾತುಗಳನ್ನೇ ಆಧರಿಸಿ ಬೀಟಲ್ಸ್ ತಂಡಕ್ಕೆ ಒಂದು ಹಾಡು ಕಟ್ಟಿದರು. ಕಲಾವಿದರ ಹೆಸರು, ಸಾಹಸ, ಸ್ಥಳ, ದಿನ, ಯಾರ ಸಹಾಯಾರ್ಥ ಎಂಬುದು, ಎಲ್ಲ ನಮ್ಮ ಆಟದ ನೋಟೀಸಿನ ಹಾಗೆಯೇ.

ನಮ್ಮ ನೋಟೀಸುಗಳ ಮಾತಿಗೆ ಬಂದೆ. ನನ್ನ ಸೋದರಮಾವ ಕಾಸರಗೋಡಿನ ಒಂದು ಸಣ್ಣ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರಾಗಿದ್ದರು. 1980ರ ದಶಕದ ಕೊನೆಯ ವರ್ಷಗಳು. ಬೇಸಿಗೆ ರಜೆಯಲ್ಲಿ ನಾನು ಊಟದ ಬುತ್ತಿ ಕೊಂಡುಹೋಗುವ ನೆವದಲ್ಲಿ ಅಲ್ಲೇ ಇರುತ್ತಿದ್ದೆ. ಸೀಮೆ ಎಣ್ಣೆ, ಶಾಯಿ, ಹಸಿ ಕಾಗದ ಸೇರಿದ ಆ ವಾಸನೆ ಈಗ ಎಲ್ಲೂ ಸಿಕ್ಕುವುದಿಲ್ಲ. ಒಂದು ಬದಿಯಲ್ಲಿ ಕನ್ನಡದ ಕೇಸು, ಇನ್ನೊಂದು ಬದಿಯಲ್ಲಿ ಮಲೆಯಾಳದ್ದು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ 1872ರಲ್ಲಿ ಗುಂಡರ್ಟರ ಮಲೆಯಾಳ ನಿಘಂಟನ್ನೂ 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟನ್ನೂ ಅಚ್ಚು ಹಾಕಿದ ಸೀಮೆ ಇದು. ಎರಡು ಕೇಸು ಒಂದೇ ಕೋಣೆಯಲ್ಲಿರುವುದು ನಮಗೆ ವಿಶೇಷವಾಗಿ ಕಾಣುತ್ತಿರಲಿಲ್ಲ.

ಚಳಿಗಾಲ ಬಂತೆಂದರೆ ಬಯಲಾಟದ ನೋಟೀಸುಗಳ ಸುಗ್ಗಿ. ‘ಕಟೀಲು ಶ್ರೀ ದುರ್ಗಾಪರಮೇಶ್ವರೀ ಪ್ರಸಾದಿತ ದಶಾವತಾರ ಯಕ್ಷಗಾನ ಮಂಡಳಿ’ ಎಂಬುದನ್ನು ಒಂದು ಗೇಣು ಅಗಲದ ಕಾಗದದಲ್ಲಿ ಕೂರಿಸಿ ನೋಡಿ, ಆಗ ಮುದ್ರಕನ ಸಂಕಟ ತಿಳಿಯುತ್ತದೆ. ಅದರ ಕೆಳಗೆ ‘ಶ್ರೀ ದೇವಿ ಮಹಾತ್ಮೆ’ ಎಂದು ಪ್ರಸಂಗದ ಹೆಸರು ಎಲ್ಲಕ್ಕಿಂತ ದೊಡ್ಡದಾಗಿ ಬರಬೇಕು. ಇಂಗ್ಲಿಷಿನವನಿಗಾದರೆ ಇಕ್ಕಟ್ಟಿನ ಮೊಳೆ ಹತ್ತು ಬಗೆ ಇತ್ತು. ಮಾವನ ಕನ್ನಡ ಕೇಸಿನಲ್ಲಿ ಅಂಥದ್ದು ಇರಲಿಲ್ಲ. ಒಂದು ಸಣ್ಣದು, ಒಂದು ದಪ್ಪದ್ದು, ಅಷ್ಟೆ. ದೊಡ್ಡ ಹೆಸರುಗಳನ್ನು ಊರಿನ ಚಿತ್ರಗಾರರೊಬ್ಬರು ಕಾಗದದಲ್ಲಿ ಬರೆದುಕೊಡುತ್ತಿದ್ದರು. ಅದು ಮಂಗಳೂರಿಗೆ ಹೋಗಿ ಬ್ಲಾಕ್ ಆಗಿ ಬರುತ್ತಿತ್ತು.

ಆ ಚಿತ್ರಗಾರರ ಕೈಯನ್ನು ನಾನು ಬೆರಗಿನಿಂದ ನೋಡಿದ್ದೇನೆ. ಕನ್ನಡ ಅಕ್ಷರವನ್ನು ಸಪೂರ ಮಾಡುವುದು ಸುಲಭವಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಎರಡು ಗೆರೆಗಳ ನಡುವೆ ಪೆಟ್ಟಿಗೆಯಲ್ಲಿಟ್ಟ ಹಾಗೆ ಕೂರುತ್ತವೆ. ಕೆಳಗೆ ಇಳಿಯುವುದಿಲ್ಲ, ಮೇಲೆ ಏಳುವುದಿಲ್ಲ. ನಮ್ಮದು ದುಂಡು ಅಕ್ಷರ, ಅಗಲವೇ ಅದರ ಹುಟ್ಟುಗುಣ. ತಲೆಕಟ್ಟು ಮೇಲೆ, ಗುಡಿಸು ಅದಕ್ಕೂ ಮೇಲೆ, ಒತ್ತು ಕೆಳಗೆ, ಕೊಂಬು ದೀರ್ಘಗಳು ಬಲಕ್ಕೆ ಕೈಚಾಚಿ ನಿಲ್ಲುತ್ತವೆ. ‘ಕ್ಷೇತ್ರ’ ಎಂಬ ಎರಡಕ್ಷರದೊಳಗೆ ಎಷ್ಟು ಸುತ್ತು ಇದೆ ಎಂದು ಎಣಿಸಿ ನೋಡಬಹುದು. ಆ ಚಿತ್ರಗಾರರು ಮಾಡುತ್ತಿದ್ದದ್ದು ಹೀಗೆ: ದುಂಡನ್ನು ಮೊಟ್ಟೆಯಂತೆ ನಿಲ್ಲಿಸುವುದು, ಒಳಗಿನ ಬಿಳಿ ಜಾಗವನ್ನು ಮಾತ್ರ ಮುಟ್ಟದೆ ಉಳಿಸುವುದು. ತಲೆಕಟ್ಟನ್ನು ಕಿರೀಟದ ಹಾಗೆ ದಪ್ಪ ಮಾಡಿ ಒಂದರ ಪಕ್ಕ ಒಂದು ತಾಗಿಸುವುದು. ಒತ್ತನ್ನು ಸ್ವಲ್ಪ ಬಲಕ್ಕೆ ಜರುಗಿಸಿ ಮುಂದಿನ ಅಕ್ಷರದ ಅಡಿಯಲ್ಲಿ ಖಾಲಿ ಇದ್ದ ಜಾಗಕ್ಕೆ ನುಗ್ಗಿಸುವುದು. ಅವಸರದ ಮದುವೆಮನೆಯಲ್ಲಿ ಒಂದೇ ಚಾಪೆಯಲ್ಲಿ ಹತ್ತು ಮಂದಿ ಮಲಗುವಾಗ ಯಾರ ಕಾಲು ಯಾರ ತಲೆಯ ಹತ್ತಿರ ಬರಬೇಕೆಂದು ಹಿರಿಯರೊಬ್ಬರು ನೋಡಿಕೊಳ್ಳುವುದಿಲ್ಲವೇ, ಅಂಥ ಯಜಮಾನಿಕೆ. ಅವರಿಗೆ ಕ್ಲಾರೆಂಡನ್ನೂ ಗೊತ್ತಿರಲಿಲ್ಲ, ಹಾರ್ಲಿಂಗೂ ಗೊತ್ತಿರಲಿಲ್ಲ. ಆದರೆ ಅವರ ಕಿರೀಟದ ತಲೆಕಟ್ಟಿಗೂ ಪ್ಲೇಬಿಲ್ಲಿನ ತಲೆಪಟ್ಟಿಗೂ ಇರುವ ಹೋಲಿಕೆ ನೋಡಿದರೆ ಇಕ್ಕಟ್ಟು ಎಲ್ಲ ಊರಿನ ಕುಶಲಕರ್ಮಿಗೂ ಒಂದೇ ಪಾಠ ಹೇಳಿಕೊಡುತ್ತದೆ ಅನ್ನಿಸುತ್ತದೆ.

ಈಗ ಚಿತ್ರಗಾರರೂ ಇಲ್ಲ, ಬ್ಲಾಕೂ ಇಲ್ಲ. ಫ್ಲೆಕ್ಸ್ ಅಂಗಡಿಯ ಹುಡುಗ ಕೋರೆಲ್‌ಡ್ರಾದಲ್ಲಿ ಅಕ್ಷರದ ಸಾಲನ್ನು ಹಿಡಿದು ಬದಿಯಿಂದ ಒಳಕ್ಕೆ ತಳ್ಳುತ್ತಾನೆ. ಸಾಲು ಜಾಗಕ್ಕೆ ಸರಿಯಾಗಿ ಕೂರುತ್ತದೆ. ನಮ್ಮ ಆಫೀಸಿನ ವರ್ಡಿನಲ್ಲೂ ‘ಸ್ಕೇಲ್’ ಎಂಬ ಒಂದು ಪೆಟ್ಟಿಗೆ ಇದೆ. ನೂರು, ತೊಂಬತ್ತು, ಎಂಬತ್ತು, ಅರವತ್ತಾರು, ಐವತ್ತು, ಮೂವತ್ತಮೂರು ಎಂದು ಇಳಿಯುತ್ತಾ ಹೋಗುತ್ತದೆ. ಸಾಲದ ಕಂತು ಇಳಿಯುವ ಹಾಗೆ.

ಹೀಗೆ ತಳ್ಳಿದರೆ ಏನಾಗುತ್ತದೆ? ಅಗಲ ಮೂರನೆಯ ಒಂದು ಪಾಲು ಕಡಿಮೆಯಾದರೆ ನೆಟ್ಟಗಿನ ಗೆರೆಗಳೂ ಅಷ್ಟೇ ತೆಳುವಾಗುತ್ತವೆ. ಅಡ್ಡಗೆರೆಗಳ ದಪ್ಪ ಮಾತ್ರ ಇದ್ದ ಹಾಗೆಯೇ ಇರುತ್ತದೆ. ಅಂದರೆ ಕಂಬ ಸಪೂರ, ಅಡ್ಡ ದಪ್ಪ. ಪ್ಲೇಬಿಲ್ಲಿನ ಮೈಕಟ್ಟು ತಾನಾಗಿ ಬಂದ ಹಾಗಾಯಿತಲ್ಲ ಎಂದು ಯಾರಾದರೂ ಹೇಳಬಹುದು. ಮೇಲ್ನೋಟಕ್ಕೆ ಹೌದು. ಆದರೆ ಪ್ಲೇಬಿಲ್ಲಿನಲ್ಲಿ ದಪ್ಪವೆಲ್ಲ ಹೆಚ್ಚಾಗಿ ಮೇಲಂಚಿಗೂ ಕೆಳ ಅಂಚಿಗೂ ಹೋಗಿ ನಡುವಿನಲ್ಲಿ ಗಾಳಿಯಾಡುತ್ತದೆ. ಬರೆದವನು ಬೇಕೆಂದೇ ಹಾಗೆ ಹಂಚಿದ್ದಾನೆ. ತಳ್ಳಿದ ಕನ್ನಡದಲ್ಲಿ ದಪ್ಪ ಎಲ್ಲಿ ಬೇಕಾದರೂ ಬೀಳುತ್ತದೆ. ‘ಣ’ದ ಒಳಸುತ್ತಿನಲ್ಲಿ, ‘ಜ’ದ ಹೊಟ್ಟೆಯಲ್ಲಿ, ‘ಲ್ಲಿ’ಯ ಒತ್ತಿನಲ್ಲಿ. ಒಳಗಿನ ಬಿಳಿ ಮುಚ್ಚಿಹೋಗುತ್ತದೆ. ಮೊದಲನೆಯದು ಇಕ್ಕಟ್ಟಿಗಾಗಿ ಹುಟ್ಟಿದ ಅಕ್ಷರ. ಎರಡನೆಯದು ಇಕ್ಕಟ್ಟಿಗೆ ಸಿಕ್ಕಿದ ಅಕ್ಷರ.

ಇದು ಕಣ್ಣಿನ ಚಂದದ ಪ್ರಶ್ನೆ ಮಾತ್ರ ಎಂದು ನಾನೂ ಕೆಲವು ಕಾಲ ತಿಳಿದಿದ್ದೆ. ಹಾಗಲ್ಲವೆಂದು ತಿಳಿದದ್ದು ಒಬ್ಬ ಹಿರಿಯ ಹೆಂಗಸಿನಿಂದ. ಗಂಡ ರೈಲ್ವೆಯಲ್ಲಿದ್ದವರು, ತೀರಿಹೋಗಿ ಬಹಳ ವರ್ಷವಾಯಿತು. ಕುಟುಂಬ ಪಿಂಚಣಿ ನಮ್ಮ ಶಾಖೆಗೆ ಬರುತ್ತದೆ. ಮಲೆಯಾಳ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರ ಪ್ರಾಯದ ಎಷ್ಟೋ ಮಂದಿ ನಮ್ಮಲ್ಲಿ ಹಾಗೆಯೇ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರು ಕನ್ನಡ ಅಕ್ಷರಮಾಲೆ ಕಲಿಯುತ್ತಿದ್ದ ಹುಡುಗಿ. ಇಂದಿಗೂ ದಿನಾ ಕನ್ನಡ ಪತ್ರಿಕೆ ಓದುತ್ತಾರೆ. ಆಟಿ ತಿಂಗಳಲ್ಲಿ ಮನೆಯಲ್ಲಿ ಜೈಮಿನಿ ಭಾರತ ಓದುವ ಕ್ರಮ ಬಿಟ್ಟಿಲ್ಲ.

ಪಿಂಚಣಿದಾರರು ಬದುಕಿದ್ದೇವೆಂದು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಜೀವಿತ ಪ್ರಮಾಣಪತ್ರ ಕೊಡಬೇಕು. ಅದರ ಫ್ಲೆಕ್ಸು ಆ ವರ್ಷ ಬಾಗಿಲಲ್ಲೇ ತೂಗುತ್ತಿತ್ತು. ಮೇಲಿನಿಂದ ಬಂದ ನಮೂನೆಯಲ್ಲಿ ಮಲೆಯಾಳ, ಹಿಂದಿ, ಇಂಗ್ಲಿಷ್ ಇತ್ತು. ಕನ್ನಡವನ್ನು ಇಲ್ಲಿ ಸೇರಿಸಬೇಕು. ಉಳಿದದ್ದು ಅಡಿಯಲ್ಲಿ ನಾಲ್ಕು ಬೆರಳು ಜಾಗ. ಅಂಗಡಿಯವನು ಇಡೀ ವಾಕ್ಯವನ್ನು ಒಂದೇ ಸಾಲಿನಲ್ಲಿ ತಳ್ಳಿ ಕೂರಿಸಿದ್ದ.

ಜನವರಿಯ ಮೊದಲ ವಾರ ಅವರು ಪಾಸ್‌ಬುಕ್ ಹಿಡಿದುಕೊಂಡು ಬಂದರು. ಡಿಸೆಂಬರಿನ ಹಣ ಬಿದ್ದಿಲ್ಲ.

“ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡ್ಲಿಲ್ಲವಾ ಅಮ್ಮ?” ಎಂದೆ.

“ಕಳೆದ ವರ್ಷ ನೀವೇ ಹೇಳಿದಿರಿ, ಕೊಟ್ಟೆ. ಈ ವರ್ಷ ಯಾರೂ ಹೇಳ್ಲಿಲ್ಲ.”

ನಾನು ಬಾಗಿಲಿನ ಕಡೆ ತೋರಿಸಿದೆ. ಫ್ಲೆಕ್ಸು ಇನ್ನೂ ತೂಗುತ್ತಿತ್ತು. ಅವರು ಎದ್ದು ಹೋಗಿ, ಕನ್ನಡಕ ಸರಿಮಾಡಿಕೊಂಡು, ಬಹಳ ಹೊತ್ತು ನೋಡಿದರು.

“ಇದು ಕನ್ನಡವಾ ಮಗಾ? ಅಡಿಯಲ್ಲಿ ಚಂದಕ್ಕೆ ಬಳ್ಳಿ ಬಿಡಿಸಿದ್ದಾರೆ ಅಂತ ಎಣಿಸಿದೆ ನಾನು.”

ಕೌಂಟರಿನ ಒಳಗಿದ್ದವರು ನಕ್ಕರು. ಅವರೂ ನಕ್ಕರು. ಅರ್ಜಿ ತುಂಬಿಸಿ, ಹೆಬ್ಬೆರಳು ಒತ್ತಿಸಿ, ಕೆಲಸ ಮುಗಿಸಿದೆ. ನಿಂತ ಹಣ ಮುಂದಿನ ತಿಂಗಳಿನದರ ಜೊತೆ ಸೇರಿ ಬಂತು, ಕಾಸು ನಷ್ಟವಾಗಲಿಲ್ಲ. ಆದರೆ ಆ ತಿಂಗಳ ರಕ್ತದೊತ್ತಡದ ಮಾತ್ರೆಗೆ ಅವರು ಪಕ್ಕದ ಮನೆಯಲ್ಲಿ ಕೈಸಾಲ ಕೇಳಿದ್ದರು. ಹೊರಡುವಾಗ ಅದನ್ನು ಮೆಲ್ಲಗೆ ಹೇಳಿದರು, ದೂರಿನ ಧ್ವನಿಯಲ್ಲಲ್ಲ. ತೊಂಬತ್ತು ಸಾವಿರ ಸಲ ಕನ್ನಡ ಓದಿದ ಕಣ್ಣಿಗೆ ಕನ್ನಡ ಬಳ್ಳಿಯಾಗಿ ಕಂಡದ್ದು ನನ್ನ ತಲೆಯಿಂದ ಹೋಗಲಿಲ್ಲ. ನಮಗೆ ಒಂದು ಸಾಲು ಸಿಗಬೇಕೆಂದು ನಮ್ಮ ಹಿರಿಯರು ಅರ್ಜಿ ಬರೆದರು, ಮೆರವಣಿಗೆ ಹೋದರು, ಕೋರ್ಟಿಗೂ ಹೋದರು. ಸಾಲು ಸಿಕ್ಕಿದೆ ಎಂದು ಕಡತದಲ್ಲಿ ಗುರುತು ಹಾಕಬಹುದು. ಓದಲಿಕ್ಕೆ ಆಗುತ್ತದೆಯೇ ಎಂಬ ಅಂಕಣ ಯಾವ ಕಡತದಲ್ಲೂ ಇಲ್ಲ.

ಮಲೆಯಾಳದವರ ಸುಖವೂ ದೊಡ್ಡದೇನಲ್ಲ. 1971ರ ಲಿಪಿ ಸುಧಾರಣೆಯಲ್ಲಿ ಟೈಪ್‌ರೈಟರಿಗೆ ಅನುಕೂಲವಾಗಲೆಂದು ಉಕಾರದಂಥ ಚಿಹ್ನೆಗಳನ್ನು ಅಕ್ಷರದಿಂದ ಬಿಡಿಸಿ ಪಕ್ಕಕ್ಕೆ ಇಟ್ಟರು. ಒಂದರ ಕೆಳಗೊಂದು ಕೂರುತ್ತಿದ್ದ ಎಷ್ಟೋ ಕೂಡಕ್ಷರಗಳು ಬಿಡಿಬಿಡಿಯಾಗಿ ಸಾಲಿನಲ್ಲಿ ನಿಂತವು. ಮೊದಲೇ ಉದ್ದ ಪದಗಳ ಭಾಷೆ, ಇನ್ನಷ್ಟು ಉದ್ದವಾಯಿತು. ಕನ್ನಡ ಕೆಳಕ್ಕೆ ಜಾಗ ಕೇಳುತ್ತದೆ, ಮಲೆಯಾಳ ಬದಿಗೆ ಕೇಳುತ್ತದೆ. ಎರಡನ್ನೂ ಒಂದೇ ಬೋರ್ಡಿನಲ್ಲಿ ಕೂರಿಸುವವನಿಗೆ ಇದು ಗೊತ್ತಿರಬೇಕು.

ದಾರಿ ಇಲ್ಲದೆ ಇಲ್ಲ. ಮುಂಬಯಿಯ ‘ಏಕ್ ಟೈಪ್’ ತಂಡದವರು 2022ರಲ್ಲಿ ‘ಅನೇಕ್’ ಎಂಬ ಫಾಂಟುಗಳ ಕುಟುಂಬವನ್ನು ಉಚಿತವಾಗಿ ಬಿಟ್ಟಿದ್ದಾರೆ. ಕನ್ನಡ, ಮಲೆಯಾಳ ಸೇರಿ ಒಂಬತ್ತು ಭಾರತೀಯ ಲಿಪಿ, ಜೊತೆಗೆ ಇಂಗ್ಲಿಷ್. ಅದರಲ್ಲಿ ಸಪೂರದಿಂದ ಅಗಲದ ತನಕ ಬೇರೆ ಬೇರೆ ಮೈಕಟ್ಟು ಇದೆ, ತಳ್ಳಿದ್ದಲ್ಲ, ಬರೆದದ್ದು. ಸಪೂರ ಮಾಡುವಾಗ ಗೆರೆಯನ್ನೂ ಒಳಗಿನ ಬಿಳಿಯನ್ನೂ ಹೊಂದಿಸಿದ್ದಾರೆ. ನಮ್ಮ ಊರಿನ ಚಿತ್ರಗಾರರು ಮಾಡುತ್ತಿದ್ದ ಕೆಲಸವೇ ಅದು. ಕಿರೀಟ ಗೆಜ್ಜೆಗಳಿಲ್ಲ, ಪ್ಲೇಬಿಲ್ಲಿನ ಗತ್ತಿಲ್ಲ. ಬ್ಯಾಂಕಿನ ಬಾಗಿಲಿಗೆ ಅದು ಬೇಡವೂ ಬೇಡ. ಗತ್ತಿನ ಅಕ್ಷರಕ್ಕೆ ನಾಲ್ಕು ಮಾತಿಗಿಂತ ಹೆಚ್ಚು ಹೊರಿಸಬಾರದು. ಪ್ರಸಂಗದ ಹೆಸರಿಗೆ, ನಾಟಕದ ಹೆಸರಿಗೆ, ಸಂಚಿಕೆಯ ರಕ್ಷಾಪುಟಕ್ಕೆ ಸರಿ. ಒಂದು ಹಾಳೆಗೆ ಒಂದೇ ಸಾಲು, ಅದೂ ದೊಡ್ಡದಾಗಿ. ವೈಕುಂಠ ಸಮಾರಾಧನೆಯ ಕಾಗದಕ್ಕೆ ದಯವಿಟ್ಟು ಬೇಡ.

ಮುಂದಿನ ಅಕ್ಟೋಬರಿನಲ್ಲಿ ನಾನು ಮ್ಯಾನೇಜರರ ಹತ್ತಿರ ಹೋಗಿ, “ಸಾರ್, ಈ ವರ್ಷದ ನೋಟೀಸು ನಾನು ಮಾಡಿಕೊಡುತ್ತೇನೆ” ಎಂದೆ. ಅವರು ಪಾಲಕ್ಕಾಡಿನವರು, ಕನ್ನಡ ಬಾರದು. ಹಳೆಯ ಫ್ಲೆಕ್ಸನ್ನು ಮೇಜಿನ ಮೇಲೆ ಹರಡಿ ಕನ್ನಡದ ಸಾಲನ್ನು ತೋರಿಸಿದಾಗ ಅವರಿಗೆ ವ್ಯತ್ಯಾಸ ಏನೂ ಕಾಣಲಿಲ್ಲ. ಅದು ಸಹಜ. ನಾನು ಅದೇ ಸಾಲಿನ ಮಲೆಯಾಳವನ್ನು ಕಂಪ್ಯೂಟರಿನಲ್ಲಿ ಅರವತ್ತಾರಕ್ಕೆ ಇಳಿಸಿ ತೋರಿಸಿದೆ. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಪಕ್ಕದಲ್ಲಿದ್ದ ಕ್ಯಾಷಿಯರ್, ಅವರೂ ಮಲೆಯಾಳದವರೇ, ಫ್ಲೆಕ್ಸಿನ ಮಲೆಯಾಳವೂ ಸ್ವಲ್ಪ ತಳ್ಳಿದ್ದೇ ಆಗಿತ್ತೆಂದು ಬೆರಳಿಟ್ಟು ತೋರಿಸಿದರು.

ಹೊಸ ನೋಟೀಸು ಸಾದಾ ಕಾಗದದಲ್ಲಿ, ಆದರೆ ಮೊದಲಿನ ಎರಡರಷ್ಟು ದೊಡ್ಡದು. ಮಲೆಯಾಳಕ್ಕೆ ಎರಡು ಸಾಲು, ಕನ್ನಡಕ್ಕೆ ಎರಡು ಸಾಲು, ಎರಡೂ ಅನೇಕ್ ಫಾಂಟಿನ ಸಪೂರ ರೂಪದಲ್ಲಿ. ಕನ್ನಡದ ಸಾಲುಗಳ ನಡುವೆ ಒತ್ತಿಗಾಗಿ ಒಂದು ಚೂರು ಹೆಚ್ಚು ಜಾಗ. ಕೆಳಗೆ ಹಿಂದಿ. ಇಂಗ್ಲಿಷಿಗೆ ಉಳಿದದ್ದು ಒಂದು ಇಕ್ಕಟ್ಟಿನ ಪಟ್ಟಿ. ಅದಕ್ಕೆ ಪ್ಲೇಬಿಲ್ ಹಾಕಲೇ ಎಂದು ಕೇಳಿದೆ. ಪಿಂಚಣಿದಾರರು ಪೊಲೀಸರು ಹುಡುಕುತ್ತಿದ್ದಾರೆಂದು ಓಡಿಹೋದಾರು, ಬೇಡ ಎಂದರು ಮ್ಯಾನೇಜರ್.